ಒಂದೇ ಬುಡ, ಐದು ಕಾಂಡ

ಬೋನ್ಸಾಯ್ ಅಂದಕೂಡಲೇ ತುಂಬಾ ಜನ ಎರಡು ಮಾತು ಹೇಳ್ತಾರೆ. ಒಂದು, "ಅದು ದುಡ್ಡಿರೋರ ಹವ್ಯಾಸ." ಇನ್ನೊಂದು, "ಅದಕ್ಕೆ ಇಪ್ಪತ್ತು ವರ್ಷ ಕಾಯಬೇಕು, ನಮ್ ಕೈಲಾಗಲ್ಲ." ಯಾವುದೋ ಹೋಟೆಲಿನ ಲಾಬಿಯಲ್ಲಿ ಸಾವಿರಾರು ರೂಪಾಯಿ ಬೆಲೆಯ ಕುಳ್ಳು ಆಲದ ಮರ ನೋಡಿದವರಿಗೆ ಹಾಗನ್ನಿಸೋದು ಸಹಜ. ಆದರೆ ನಮ್ಮ ಬಾಲ್ಕನಿಯಲ್ಲಿ ಈಗ ನಿಂತಿರುವ ಗಿಡಕ್ಕೆ ನಾನು ಕೊಟ್ಟಿದ್ದು 180 ರೂಪಾಯಿ. ಮನೆಗೆ ಬಂದು ಎರಡೂವರೆ ವರ್ಷ ಆಯಿತು. ಒಂದೇ ಬುಡದಿಂದ ಐದು ಕಾಂಡ ಎದ್ದಿವೆ, ಒಟ್ಟು ಎತ್ತರ ಒಂದೂಕಾಲು ಅಡಿ. ಸ್ವಲ್ಪ ಬಗ್ಗಿ ನೋಡಿದರೆ ಊರಾಚೆಯ ತೋಪಿನ ಹಾಗೆ ಕಾಣುತ್ತೆ. ಇದು ಹೇಗಾಯಿತು ಅನ್ನೋದೇ ಈ ಸಲದ ಅಂಕಣ.

ಈ ಶೈಲಿಗೆ ಜಪಾನಿನವರು ಕಬುದಾಚಿ ಅಂತಾರೆ. ನಮ್ಮ ಭಾಷೆಯಲ್ಲಿ ಮೆಳೆ ಅಂದುಕೊಳ್ಳಿ, ಬಿದಿರು ಮೆಳೆ ಇದ್ದ ಹಾಗೆ. ಹತ್ತಾರು ಸಸಿಗಳನ್ನು ಒಂದು ತಟ್ಟೆಯಲ್ಲಿ ನೆಟ್ಟು ಕಾಡು ಮಾಡುವ ಶೈಲಿ ಬೇರೆಯೇ ಇದೆ. ಮೆಳೆಯಲ್ಲಿ ಕಾಂಡ ಎಷ್ಟಿದ್ದರೂ ಬೇರು ಒಂದೇ. ಹೊಸಬರಿಗೆ ಇದು ಒಳ್ಳೆಯದು ಅಂತ ನಾನು ಹೇಳೋದಕ್ಕೆ ಕಾರಣ ಇದೆ. ಒಂದೇ ಕಾಂಡದ ಬೋನ್ಸಾಯ್ ಚೆಂದ ಕಾಣಬೇಕಾದರೆ ಆ ಕಾಂಡ ತೋರು ಬೆರಳಿಗಿಂತ ದಪ್ಪ ಆಗಬೇಕು, ಬುಡ ಅಗಲ ಆಗಬೇಕು, ಮೇಲೆ ಹೋಗ್ತಾ ಸಣ್ಣಗಾಗಬೇಕು. ಅದಕ್ಕೇ ವರ್ಷಗಟ್ಟಲೆ ಹಿಡಿಯೋದು. ಮೆಳೆಯಲ್ಲಿ ಪೆನ್ಸಿಲ್ ದಪ್ಪದ ಕಾಂಡಗಳೂ ನಡೆಯುತ್ತವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ.

ನರ್ಸರಿಯಲ್ಲಿ ಎಲೆ ನೋಡಬೇಡಿ

ನಾನು ಆರಿಸಿದ್ದು ಮಧುಕಾಮಿನಿ. ಬೇಲಿಗೆ ಸಾಲಾಗಿ ನೆಡ್ತಾರಲ್ಲ, ಮಳೆ ಬಂದ ಮೇಲೆ ಬಿಳಿ ಹೂ ಬಿಟ್ಟು ಇಡೀ ರಸ್ತೆಗೆ ಪರಿಮಳ ಚೆಲ್ಲುತ್ತಲ್ಲ, ಅದೇ. ಕರಿಬೇವಿನ ಹತ್ತಿರದ ನೆಂಟ, ನಿಂಬೆಯ ಕುಟುಂಬದ್ದು. ಚೀನೀ ಭಾಷೆಯಲ್ಲಿ ಇದರ ಹೆಸರಿನ ಅರ್ಥವೇ 'ಒಂಬತ್ತು ಹರದಾರಿ ಪರಿಮಳ' ಅನ್ನೋ ಥರ ಇದೆ. ಗಟ್ಟಿ ಮರ, ತಿಳಿ ಬಣ್ಣದ ತೊಗಟೆ, ಕತ್ತರಿಸಿದರೆ ಹಳೇ ಕಾಂಡದಿಂದಲೂ ಚಿಗುರುವ ಗುಣ. ಬೆಂಗಳೂರಿನ ಹವೆಗೆ ಚೆನ್ನಾಗಿ ಒಗ್ಗುತ್ತೆ. ಕೇಪಳ, ಕಾಗದದ ಹೂ, ಡುರಾಂಟಾ, ಬೇಲಿಗೆ ಹಾಕುವ ಫುಕಿಯನ್ ಟೀ ಕೂಡ ಆಗುತ್ತೆ.

ಲಾಲ್‌ಬಾಗ್ ಪಕ್ಕದ ಸಿದ್ದಾಪುರಕ್ಕೋ ನಿಮ್ಮ ಏರಿಯಾದ ನರ್ಸರಿಗೋ ಹೋದಾಗ ಹಸಿರಾಗಿ ತುಂಬಿಕೊಂಡಿರುವ ಗಿಡದ ಕಡೆಗೇ ಕಣ್ಣು ಹೋಗುತ್ತೆ. ಅದನ್ನು ಬಿಡಿ. ಎಲೆ ಮೂರು ತಿಂಗಳಲ್ಲಿ ಬರುತ್ತೆ, ಬುಡ ಬರಲ್ಲ. ಕೆಳಗೆ ಕೂತು, ಕವರಿನ ಮೇಲ್ಮಣ್ಣನ್ನು ಬೆರಳಿಂದ ಒಂದಿಂಚು ಸರಿಸಿ ನೋಡಿ. ಮೂರು ವಿಷಯ ಗಮನಿಸಿ.

ಒಂದು, ಕಾಂಡಗಳೆಲ್ಲ ಒಂದೇ ಬುಡದಿಂದ ಬಂದಿವೆಯಾ? ಗಿಡ ಪೊದೆಯಾಗಿ ಕಾಣಲಿ ಅಂತ ನರ್ಸರಿಗಳಲ್ಲಿ ಒಂದೇ ಕವರಿಗೆ ಮೂರು ನಾಲ್ಕು ಸಸಿ ಹಾಕಿರೋದುಂಟು. ಅದು ಮೋಸ ಅಲ್ಲ, ಬೇಲಿಗೆ ಅದೇ ಬೇಕು. ನಮ್ಮ ಕೆಲಸಕ್ಕೆ ಮಾತ್ರ ಆಗಲ್ಲ. ಎರಡು, ಬುಡದ ಸುತ್ತ ಬೇರುಗಳು ಎಲ್ಲ ದಿಕ್ಕಿಗೂ ಹರಡಿವೆಯಾ? ಮೂರು, ಕಾಂಡಗಳ ದಪ್ಪದಲ್ಲಿ ವ್ಯತ್ಯಾಸ ಇದೆಯಾ? ಎಲ್ಲವೂ ಒಂದೇ ದಪ್ಪ ಇದ್ದರೆ ಕೊನೆಗೆ ಕಡ್ಡಿಪುಡಿ ಕಟ್ಟು ಇಟ್ಟ ಹಾಗೆ ಕಾಣುತ್ತೆ.

ಮನೆಗೆ ತಂದ ಗಿಡವನ್ನು ಅವತ್ತೇ ಕತ್ತರಿಸಬೇಡಿ. ಎರಡು ಮೂರು ವಾರ ನಿಮ್ಮ ಬಿಸಿಲು, ನಿಮ್ಮ ನೀರಿಗೆ ಹೊಂದಿಕೊಳ್ಳಲಿ.

ಕತ್ತರಿಸಿದರೆ ಯಾಕೆ ಹೆಚ್ಚು ಚಿಗುರುತ್ತೆ?

ಗಿಡದ ತುದಿಚಿಗುರಲ್ಲಿ ಆಕ್ಸಿನ್ ಅನ್ನೋ ಹಾರ್ಮೋನ್ ತಯಾರಾಗಿ ಕೆಳಗಿಳಿಯುತ್ತೆ. ಅದು ಇರೋವರೆಗೆ ಕೆಳಗಿನ ಕಣ್ಣುಗಳು ಬಹುತೇಕ ಮಲಗಿರ್ತವೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದರೆ ಪ್ರೈಮರಿ ಸರ್ವರ್ ಕೆಲಸ ಮಾಡ್ತಿರೋವರೆಗೆ ಸ್ಟ್ಯಾಂಡ್‌ಬೈಗಳು ಸುಮ್ಮನಿರ್ತವೆ. ತುದಿ ಕತ್ತರಿಸಿದ ಕೂಡಲೇ ಆ ತಡೆ ಹೋಗುತ್ತೆ, ಬೇರು ಕಳಿಸುವ ನೀರು ಮತ್ತು ಆಹಾರವೆಲ್ಲ ಮಲಗಿದ್ದ ಕಣ್ಣುಗಳಿಗೆ ಸಿಗುತ್ತೆ. ಒಂದರ ಜಾಗದಲ್ಲಿ ಎಂಟು ಹತ್ತು ಏಳುತ್ತವೆ.

ಇದನ್ನು ನಾನು ವಿವರಿಸ್ತಾ ಇದ್ದಾಗ ನಮ್ಮಪ್ಪ ಪೇಪರ್‌ನಿಂದ ತಲೆ ಎತ್ತದೆ ಅಂದರು, "ಇದೇನ್ ಹೊಸದವ್ವ? ಹಿಪ್ನೇರಳೆ ಸವರಕಿಲ್ವಾ ನಾವು?"

ನಮ್ಮದು ಮಂಡ್ಯ ಕಡೆ. ಅಪ್ಪ ಮೂವತ್ತೈದು ವರ್ಷ ರೇಷ್ಮೆ ಮಾಡಿದವರು. ಹಿಪ್ಪುನೇರಳೆಯನ್ನು ಬುಡಮಟ್ಟಕ್ಕೆ ಸವರಿದರೆ ಕಡ್ಡಿ ಕಡ್ಡಿಯಾಗಿ ಏಳುತ್ತೆ, ಸೊಪ್ಪು ಹುಳಕ್ಕೆ ಹೋಗುತ್ತೆ, ಮತ್ತೆ ಸವರ್ತಾರೆ. ನೀರಾವರಿ ಇದ್ದರೆ ವರ್ಷಕ್ಕೆ ಐದು ಬೆಳೆ. ಹತ್ತು ಹದಿನೈದು ವರ್ಷದ ಹಿಪ್ಪುನೇರಳೆ ಬೊಡ್ಡೆಯನ್ನು ಹತ್ತಿರದಿಂದ ನೋಡಿ: ಮುಷ್ಟಿಯಷ್ಟು ಗಂಟು ಬುಡ, ಅದರಿಂದ ಎದ್ದ ಹತ್ತಾರು ಕಾಂಡ. ಯಾವ ಬೋನ್ಸಾಯ್ ಪುಸ್ತಕಕ್ಕೂ ಕಮ್ಮಿ ಇಲ್ಲ. ಕಬ್ಬಿನ ಕೂಳೆಯೂ ಇದೇ ತತ್ವ.

ಮಂಡಿ ನೋವು ಜಾಸ್ತಿಯಾದ ಮೇಲೆ ಜಮೀನು ಗುತ್ತಿಗೆಗೆ ಕೊಟ್ಟು ಅಪ್ಪ ಅಮ್ಮ ನನ್ನ ಜೊತೆ ಬಂದಿದ್ದಾರೆ. ಏಳನೇ ಮಹಡಿ. ಅಪ್ಪ ಇಲ್ಲಿ ಪೇಪರನ್ನು ಎರಡು ಸಲ ಓದ್ತಾರೆ, ಲಿಫ್ಟಲ್ಲಿ ಇಳಿದು ಗೇಟ್‌ವರೆಗೆ ಹೋಗಿ ಬರ್ತಾರೆ. ಗಿಡದ ವಿಷಯಕ್ಕೆ ಅವರು ಬಾಯಿ ಹಾಕಿದ್ದು ಅದೇ ಮೊದಲು.

ಆ ಮಾರ್ಚ್‌ನಲ್ಲಿ ದೊಡ್ಡ ಕತ್ತರಿ ಹಾಕಿದ್ವಿ. ಮಣ್ಣಿನ ಮಟ್ಟದಿಂದ ಒಂದೂವರೆ ಎರಡು ಇಂಚು ಬಿಟ್ಟು ಮಿಕ್ಕಿದ್ದೆಲ್ಲ ತೆಗೆದಿದ್ದು. ಯುಗಾದಿ ಸುಮಾರಿಗೆ ಚಳಿ ಹೋಗಿ ಗಿಡ ಎಚ್ಚರಾಗಿರುತ್ತೆ, ಮುಂದೆ ಮಳೆಗಾಲದವರೆಗೆ ಬೆಳೆಯುವ ಸಮಯ. ಅದಕ್ಕೇ ಆ ಕಾಲ. ಸಿಕೇಚರ್‌ನ ಅಲಗನ್ನು ಅಪ್ಪ ಉಗುರಿನ ಮೇಲೆ ಉಜ್ಜಿ ನೋಡಿದರು. "ಮಂಡ ಕುಡ್ಲು ಹಾಕಿದ್ರೆ ಬುಡ ಸೀಳ್ತದೆ. ಸೀಳಿದ್ರೆ ನೀರಿಳೀತದೆ, ನೀರಿಳಿದ್ರೆ ಕೊಳೀತದೆ." ಅಷ್ಟೇ. ಹರಿತದ ಕತ್ತರಿ, ಒಂದೇ ಏಟು, ಗಾಯದ ಮೇಲೆ ಬೋರ್ಡೋ ಪೇಸ್ಟ್. ಚಿಗುರು ಬರೋವರೆಗೆ ಗೊಬ್ಬರ ಇಲ್ಲ, ನೀರೂ ಹಿಡಿತದಲ್ಲಿ. ಎಲೆಯೇ ಇಲ್ಲದ ಗಿಡ ಮೊದಲಿನಷ್ಟು ನೀರು ಕುಡಿಯಲ್ಲ.

ಒಂದು ನಿಯಮ ಮರೆಯಬೇಡಿ: ಮೇಲಿನ ದೊಡ್ಡ ಕೆಲಸ ಮತ್ತು ಬೇರಿನ ಕೆಲಸ ಒಟ್ಟಿಗೆ ಬೇಡ. ಒಂದು ಸಲಕ್ಕೆ ಒಂದೇ ಏಟು.

ಆರರಲ್ಲಿ ಐದು

ಐದಾರು ವಾರಕ್ಕೆ ಬುಡದ ಸುತ್ತ ಹನ್ನೊಂದು ಚಿಗುರು ಎದ್ದವು. ಮೊದಲ ವರ್ಷ ಅವುಗಳಲ್ಲಿ ಒಂಬತ್ತನ್ನು ಉಳಿಸಿಕೊಂಡೆ. ಬೇಕಾಗಿದ್ದು ಐದೇ. ಆದರೆ ಗಾಳಿ, ಹುಳ, ಪಕ್ಕದ ಮನೆ ಬೆಕ್ಕು ಎಲ್ಲ ಇವೆ. ಬ್ಯಾಕಪ್ ಇಲ್ಲದೆ ಡಿಲೀಟ್ ಮಾಡಬಾರದು. ಆ ವರ್ಷ ಕತ್ತರಿ ಮುಟ್ಟಲಿಲ್ಲ. ಕಾಂಡ ದಪ್ಪ ಆಗಬೇಕಾದರೆ ಎಲೆ ಬೇಕು, ಎಲೆ ಬೇಕಾದರೆ ಬೆಳೆಯಲು ಬಿಡಬೇಕು. ನೋಡೋಕೆ ಕಾಡುಪೊದೆ ಥರ ಇತ್ತು. ಇರಲಿ.

ಮುಂದಿನ ಮಾರ್ಚ್‌ನಲ್ಲಿ ಆಯ್ಕೆ. ಮೂರು ತೆಗೆಯೋದು ಸುಲಭ: ಒಂದಕ್ಕೊಂದು ಉಜ್ಜುತ್ತಿದ್ದವು, ಒಳಮುಖವಾಗಿ ಬೆಳೆದಿದ್ದವು. ಉಳಿದಿದ್ದು ಆರು. ಜಪಾನಿ ಪದ್ಧತಿಯಲ್ಲಿ ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆ ಇಟ್ಟುಕೊಳ್ತಾರೆ. ಅವರಲ್ಲಿ ನಾಲ್ಕು ಅನ್ನೋ ಶಬ್ದ ಸಾವು ಅನ್ನೋ ಶಬ್ದದ ಥರ ಕೇಳಿಸೋದರಿಂದ ಅದನ್ನಂತೂ ದೂರ ಇಡ್ತಾರೆ. ನಂಬಿಕೆ ಬಿಟ್ಟರೂ ಕಾರಣ ಇದೆ. ಜೋಡಿ ಸಂಖ್ಯೆ ಇದ್ದರೆ ಕಣ್ಣು ಅವನ್ನು ಎರಡೆರಡಾಗಿ ಪಾಲು ಮಾಡಿಬಿಡುತ್ತೆ, ಗುಂಪಾಗಿ ನೋಡಲ್ಲ.

ಆರರಲ್ಲಿ ಯಾವುದು ಹೋಗಬೇಕು? ಎಲ್ಲಕ್ಕಿಂತ ದಪ್ಪ, ನೆಟ್ಟಗೆ, ಚೆಂದದ ತೊಗಟೆಯ ಒಂದು ಕಾಂಡ ಇತ್ತು. ಅದೇ ಮುಖ್ಯ ಮರ ಅಂತ ನಾನು ಮನಸ್ಸಲ್ಲಿ ಇಟ್ಟುಕೊಂಡಿದ್ದೆ. ಶನಿವಾರ ಬೆಳಿಗ್ಗೆ ಗಿಡವನ್ನು ಸ್ಟೂಲ್ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡ್ತಿದ್ದೆ. ಅಪ್ಪ ಬಂದು ಪಕ್ಕ ಕೂತರು. ಆ ಕಾಂಡದ ಬುಡದಲ್ಲಿ ಬೆರಳಿಟ್ಟು ತೋರಿಸಿದರು.

"ಇದು ಎಲ್ಲಿಂದ ಎದ್ದದೆ ನೋಡವ್ವ. ಕತ್ತರಿಸಿದ್ವಲ್ಲ, ಆ ಅಂಚಿಂದ. ಮೇಲ್ಗಣ್ಣಿನ ಚಿಗುರು ಜೋರಾಗೇ ಬರ್ತದೆ. ನಿಲ್ಲದು ಕಷ್ಟ. ಒಂದು ಗಾಳಿ ಸಾಕು, ಸಿಗಿದು ಬೀಳ್ತದೆ. ಬೀಳುವಾಗ ಬೊಡ್ಡೆನೂ ಕಿತ್ಕೊಂಡೋಯ್ತದೆ."

"ಅಷ್ಟು ಚೆನ್ನಾಗಿದೆಯಲ್ಲಪ್ಪಾ."

"ಚೆನ್ನಾಗೇ ಅದೆ. ಅದ್ಕೇ ಹೇಳ್ದೆ."

ಕೂಳೆ ಕಬ್ಬಲ್ಲೂ ಇದೇ ಲೆಕ್ಕ. ಕಟಾವಾದ ಮೇಲೆ ಉಳಿದ ಮೋಟುಗಳನ್ನು ನೆಲಮಟ್ಟಕ್ಕೆ ಸವರೋದೇ ಮೇಲಿನ ಕಣ್ಣುಗಳು ಮೊಳೆಯದೆ ಮಣ್ಣೊಳಗಿನ ಕಣ್ಣುಗಳು ಮೊಳೆಯಲಿ ಅಂತ. ಅವು ತಮ್ಮದೇ ಬೇರು ಬಿಟ್ಟು ಗಟ್ಟಿಯಾಗಿ ನಿಲ್ಲುತ್ತವೆ. ಬೋನ್ಸಾಯ್ ಪುಸ್ತಕ ಹೇಳೋದೂ ಅದನ್ನೇ, ಬೇರೆ ಕಾರಣಕ್ಕೆ: ಮೆಳೆಯ ಕಾಂಡಗಳು ಮಣ್ಣಿನ ಮಟ್ಟದಲ್ಲೇ ಬೇರೆಯಾಗಬೇಕು. ಎರಡಿಂಚು ಮೇಲೆ ಕವಲೊಡೆದರೆ ಅದು ಕಾಂಡವಾಗಿ ಕಾಣಲ್ಲ, ಕೊಂಬೆಯಾಗಿ ಕಾಣುತ್ತೆ. ರೈತರ ಕಾರಣ ಬಲದ್ದು, ಕಲೆಗಾರರ ಕಾರಣ ನೋಟದ್ದು. ಎರಡೂ ಒಂದೇ ಕಾಂಡದ ಕಡೆ ಬೆರಳು ತೋರಿಸಿದವು.

ಇಲ್ಲಿ ಕಂಟ್ರೋಲ್ ಜೆಡ್ ಇಲ್ಲ. ಒಂದು ವರ್ಷದ ಬೆಳವಣಿಗೆ, ಎಲ್ಲಕ್ಕಿಂತ ಒಳ್ಳೆಯ ಕಾಂಡ. ಕತ್ತರಿ ಅಪ್ಪನ ಕೈಗೆ ಕೊಟ್ಟೆ. ಅವರು ತಗೊಳ್ಳಲಿಲ್ಲ. "ಗಿಡ ನಿಂದು" ಅಂದರು. ನಾನೇ ಕತ್ತರಿಸಿದೆ.

ಐದು ಕಾಂಡ, ಒಂದೇ ನೆತ್ತಿ

ಉಳಿದ ಐದನ್ನು ಜೋಡಿಸುವ ಲೆಕ್ಕ ಸರಳ. ನಾನು ಇದನ್ನು ಹಳೇ ಕಾಲದ ಗ್ರೂಪ್ ಫೋಟೋ ಅಂದುಕೊಳ್ತೀನಿ.

ಅತಿ ದಪ್ಪದ್ದೇ ಅತಿ ಎತ್ತರ. ಸಣ್ಣದು ಗಿಡ್ಡ. ತೆಳ್ಳಗಿನ ಕಾಂಡ ಎಲ್ಲರಿಗಿಂತ ಎತ್ತರ ಇದ್ದರೆ ವಯಸ್ಸಿನ ಲೆಕ್ಕ ತಪ್ಪುತ್ತೆ. ಯಾವ ಎರಡೂ ಒಂದೇ ಎತ್ತರ ಬೇಡ. ದೊಡ್ಡದು ಕುಂಡದ ನಟ್ಟನಡುವೆ ಬೇಡ, ಸ್ವಲ್ಪ ಪಕ್ಕಕ್ಕಿರಲಿ. ಮೇಲಿಂದ ನೋಡಿದಾಗ ಕಾಂಡಗಳು ಒಂದೇ ಸಾಲಲ್ಲಿ ನಿಂತಿರಬಾರದು. ಮುಂದಿನಿಂದ ನೋಡಿದಾಗ ಒಂದರ ಹಿಂದೆ ಇನ್ನೊಂದು ಮುಚ್ಚಿಹೋಗಬಾರದು. ಹೊರಗಿನವು ಬುಡದಿಂದಲೇ ಸ್ವಲ್ಪ ಹೊರಗೆ ವಾಲಲಿ, ನಿಜವಾದ ಮೆಳೆಯಲ್ಲಿ ಅವು ಬೆಳಕಿಗಾಗಿ ಹಾಗೇ ವಾಲೋದು.

ಕೊಂಬೆಗಳಲ್ಲಿ ಒಳಗಡೆಗೆ ಬೆಳೆದವನ್ನು ತೆಗೆದು ಹೊರಗಡೆಯವನ್ನು ಉಳಿಸಿ. ಇದು ಮುಖ್ಯ. ಪ್ರತಿ ಕಾಂಡಕ್ಕೂ ಬೇರೆ ಬೇರೆ ಗುಂಡು ತಲೆ ಮಾಡಿದರೆ ಐದು ಪೊರಕೆ ನಿಲ್ಲಿಸಿದ ಹಾಗಾಗುತ್ತೆ. ಐದೂ ಸೇರಿ ಒಂದೇ ನೆತ್ತಿ, ಒಂದು ಓರೆ ತ್ರಿಕೋನ. ರಾಮೋಹಳ್ಳಿ ಹತ್ತಿರದ ದೊಡ್ಡಾಲದ ಮರ ನೋಡಿದವರಿಗೆ ಈ ಮಾತು ಬೇಗ ಅರ್ಥ ಆಗುತ್ತೆ. ಸುಮಾರು 400 ವರ್ಷದ ಮರ, ಮೂರು ಎಕರೆಯಷ್ಟು ಹರಡಿದೆ. ಮೂಲ ಕಾಂಡ ರೋಗದಿಂದ ಸತ್ತುಹೋಗಿದೆ. ಬಿಳಲುಗಳೇ ಕಾಂಡಗಳಾಗಿ ನಿಂತು ನೆತ್ತಿಯನ್ನು ಹೊತ್ತಿವೆ. ಕೆಳಗೆ ನಿಂತರೆ ನೂರು ಮರ, ದೂರದಿಂದ ಒಂದೇ ಮರ.

ತಂತಿಗೊಂದು ಮಾತು. ಮಧುಕಾಮಿನಿ ಬಲಿತ ಮೇಲೆ ಬಗ್ಗಲ್ಲ, ಮುರಿಯುತ್ತೆ. ಹಸಿರು ಇರುವಾಗಲೇ ಬಗ್ಗಿಸಬೇಕು. ಅಲ್ಯೂಮಿನಿಯಂ ತಂತಿ, ಕೊಂಬೆಯ ದಪ್ಪದ ಮೂರನೇ ಒಂದು ಭಾಗ, 45 ಡಿಗ್ರಿ ಓರೆಯಲ್ಲಿ ಸುತ್ತಿ. 1, 1.5 ಮತ್ತು 2 ಮಿಲಿಮೀಟರ್ ತಂತಿ ಇದ್ದರೆ ಸಾಕು. ಪ್ರತಿ ವಾರ ನೋಡ್ತಿರಿ. ನಮ್ಮ ಹವೆಯಲ್ಲಿ ಗಿಡ ಬೇಗ ದಪ್ಪ ಆಗೋದರಿಂದ ಮಳೆಗಾಲದಲ್ಲಿ ಆರು ವಾರಕ್ಕೇ ತಂತಿ ತೊಗಟೆಯೊಳಗೆ ಇಳಿಯಬಹುದು. ಬಿಚ್ಚುವಾಗ ಸುತ್ತು ಬಿಚ್ಚಬೇಡಿ, ತುಂಡು ತುಂಡಾಗಿ ಕತ್ತರಿಸಿ ತೆಗೀರಿ. ಹತ್ತಿರ ಹತ್ತಿರ ಇರುವ ಎರಡು ಕಾಂಡಗಳನ್ನು ದೂರ ಮಾಡೋಕೆ ತಂತಿಯೂ ಬೇಡ, ನಡುವೆ ಐಸ್‌ಕ್ರೀಂ ಕಡ್ಡಿಯ ಚೂರು ಸಿಗಿಸಿದರೆ ಸಾಕು.

ತಂತಿಯೇ ಬೇಡ ಅನ್ನೋರಿಗೆ ದಕ್ಷಿಣ ಚೀನಾದ ಲಿಂಗ್‌ನಾನ್ ಪದ್ಧತಿ ಇದೆ: ಕತ್ತರಿಸು, ಬೆಳೆಯಲು ಬಿಡು, ಮತ್ತೆ ಕತ್ತರಿಸು. ಯಾವ ದಿಕ್ಕಿಗೆ ಬೇಕೋ ಆ ದಿಕ್ಕಿನ ಕಣ್ಣಿನ ಮೇಲೆ ಕತ್ತರಿಸಿದರೆ ಗಿಡ ತಾನೇ ತಿರುಗುತ್ತೆ. ನಿಧಾನ, ಆದರೆ ತಿರುವುಗಳು ಸಹಜವಾಗಿ ಕಾಣುತ್ತವೆ.

ಬೇರಿನ ಕೆಲಸ

ಇದಕ್ಕೆ ಜೂನ್, ಮೊದಲ ಮಳೆಯ ತಂಪು ಬಂದ ಮೇಲೆ. ಗಿಡ ತೆಗೆದು, ಕಡ್ಡಿಯಿಂದ ಮಣ್ಣು ಬಿಡಿಸಿ, ಕವರಿನೊಳಗೆ ಸುರುಳಿ ಸುತ್ತಿದ ಬೇರುಗಳನ್ನು ತೆಗೀರಿ. ಕೆಳಗೆ ನೇರ ಇಳಿಯುವ ದಪ್ಪ ಬೇರು ಗಿಡ್ಡ ಮಾಡಿ, ಪಕ್ಕಕ್ಕೆ ಹರಡುವ ಸಣ್ಣ ಬೇರು ಉಳಿಸಿ. ಒಟ್ಟು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯೋದು ಬೇಡ.

ಮಣ್ಣಿನ ವಿಷಯದಲ್ಲಿ ಆಮದು ಮಾಲು ಬೇಕಿಲ್ಲ. ಹೆಸರುಕಾಳಿನಿಂದ ಕಡಲೆಕಾಳಿನಷ್ಟು ಗಾತ್ರದ ಇಟ್ಟಿಗೆ ಚೂರು ಎರಡು ಪಾಲು, ಕೆಮ್ಮಣ್ಣು ಒಂದು ಪಾಲು, ಎರೆಗೊಬ್ಬರ ಒಂದು ಪಾಲು. ಇಟ್ಟಿಗೆಯ ಪುಡಿಯನ್ನು ಜರಡಿ ಹಿಡಿದು ಚೆಲ್ಲಿ, ಅದು ಉಳಿದರೆ ನೀರು ಕಟ್ಟುತ್ತೆ. ಕುಂಡದ ತೂತಿಗೆ ಸೊಳ್ಳೆಪರದೆ ಚೂರು. ತೂತಿನಿಂದ ತಂತಿ ತೂರಿಸಿ ಬೇರಿನ ಗಡ್ಡೆಯನ್ನು ಕುಂಡಕ್ಕೆ ಕಟ್ಟಿ. ಗಿಡ ಅಲ್ಲಾಡ್ತಿದ್ದರೆ ಹೊಸ ಬೇರು ಹರಿದುಹೋಗುತ್ತೆ. ಆಮೇಲೆ ಎರಡು ಮೂರು ವಾರ ನೆರಳು.

ಮೊದಲೇ ತೆಳ್ಳಗಿನ ಬೋನ್ಸಾಯ್ ತಟ್ಟೆಗೆ ಹಾಕಬೇಡಿ. ಅದು ಬೆಳವಣಿಗೆಯನ್ನು ತಡೆಯುತ್ತೆ, ನಮಗೆ ಇನ್ನೂ ಬೆಳವಣಿಗೆ ಬೇಕು. ನಮ್ಮ ಗಿಡ ಸದ್ಯ ಅಗಲ ಪ್ಲಾಸ್ಟಿಕ್ ಟಬ್‌ನಲ್ಲಿದೆ, ತಟ್ಟೆಗೆ ಹೋಗೋದು ಮುಂದಿನ ವರ್ಷ. ನೀರಿಗೆ ಟೈಮ್‌ಟೇಬಲ್ ಇಲ್ಲ. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ತೂತಿನಿಂದ ಇಳಿಯೋವರೆಗೆ ಹಾಕಿ. ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಎರಡು ಸಲ ಬೇಕಾಗಬಹುದು. ಹಿಟ್ಟು ತಿಗಣೆ ಬಂದರೆ ಬೇವಿನ ಎಣ್ಣೆ ಸೋಪುನೀರು.

ಇದು ಹಿಂಸೆಯಾ?

ಅಮ್ಮನ ಆಕ್ಷೇಪ ಬೇರೆಯೇ ಇತ್ತು. "ಮನೇಲಿ ಕುಳ್ಳು ಮರ ಇಟ್ರೆ ಏಳಿಗೆ ಆಗಲ್ವಂತೆ. ಬೆಳೆಯೋದನ್ನ ತಡೆಯೋದು ಪಾಪ ಅಲ್ವಾ?" ನಿಮ್ಮ ಮನೆಯಲ್ಲೂ ಯಾರಾದರೂ ಇದನ್ನು ಕೇಳೇ ಕೇಳ್ತಾರೆ. ಉತ್ತರ ಇಟ್ಟುಕೊಂಡಿರಿ.

ಬೋನ್ಸಾಯ್ ಹಸಿವಿನಿಂದ ಕುಳ್ಳಗಾದ ಗಿಡ ಅಲ್ಲ. ಹಸಿದ ಗಿಡ ಚಿಗುರಲ್ಲ, ಹೂ ಬಿಡಲ್ಲ. ನೀರು ಗೊಬ್ಬರ ಹೊತ್ತೊತ್ತಿಗೆ ಸಿಕ್ಕಿದರೇನೇ ಇಷ್ಟು ಸಲ ಕತ್ತರಿ ತಡೆದುಕೊಳ್ಳೋದು. ಅದರ ಗುಣವೂ ಬದಲಾಗಿರಲ್ಲ: ನಾಳೆ ನೆಲಕ್ಕೆ ನೆಟ್ಟರೆ ಮತ್ತೆ ಆಳೆತ್ತರ ಬೆಳೆಯುತ್ತೆ. ಎಲೆ ಸ್ವಲ್ಪ ಚಿಕ್ಕದಾಗುತ್ತೆ, ಹೂ ಮತ್ತು ಹಣ್ಣು ಮಾತ್ರ ಪೂರ್ತಿ ಗಾತ್ರದವೇ. ವಾಷಿಂಗ್ಟನ್‌ನ ಬೋನ್ಸಾಯ್ ಸಂಗ್ರಹಾಲಯದಲ್ಲಿ 1625ರಿಂದ ಕುಂಡದಲ್ಲೇ ಬದುಕಿರುವ ಒಂದು ಜಪಾನಿ ಪೈನ್ ಇದೆ. 1945ರಲ್ಲಿ ಹಿರೋಶಿಮಾದಲ್ಲಿ ಬಾಂಬ್ ಬಿದ್ದಾಗ ಅದು ಅಲ್ಲೇ ಎರಡು ಮೈಲಿ ದೂರದ ಒಂದು ಮನೆಯ ಗೋಡೆಯ ಹಿಂದಿತ್ತು. ಅದನ್ನು ಸಾಕಿದ ಕುಟುಂಬ 1976ರಲ್ಲಿ ಅಮೆರಿಕಕ್ಕೇ ಉಡುಗೊರೆ ಕೊಟ್ಟಿತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಒಂದು ದಿನವೂ ನೀರು ತಪ್ಪದೆ ದಾಟಿದ್ದರಿಂದಲೇ ಅದು ಇವತ್ತಿಗೂ ಹಸಿರಾಗಿದೆ.

ಅಮ್ಮ ಪೂರ್ತಿ ಒಪ್ಪಿಲ್ಲ. ಆದರೆ ಹೋದ ತಿಂಗಳು ಮೊದಲ ಸಲ ಹೂ ಬಿಟ್ಟಾಗ ನಾಲ್ಕು ಕಿತ್ತು ದೇವರಿಗೆ ಇಟ್ಟಳು. ಅದನ್ನು ನಾನು ಒಪ್ಪಿಗೆ ಅಂತಲೇ ಲೆಕ್ಕ ಹಾಕಿದ್ದೀನಿ.

ಅಪ್ಪನ ಪ್ರಶ್ನೆ ಇದಕ್ಕಿಂತ ಕಷ್ಟದ್ದು. "ಸೊಪ್ಪು ತಿನ್ನಾಕೆ ಹುಳ ಇಲ್ಲ, ಗೂಡು ಕಟ್ಟಾಕಿಲ್ಲ, ಮಾರ್ಕೆಟ್ಟಿಗೆ ಹೋಗಾಕಿಲ್ಲ. ಇದ್ಕೆ ಯಾಕವ್ವ ಇಷ್ಟು ಪಾಡು?" ನನ್ನ ಹತ್ತಿರ ಚೆನ್ನಾಗಿರೋ ಉತ್ತರ ಇರಲಿಲ್ಲ. ಸುಮ್ಮನೆ, ಅಂದೆ. ಬೆಳೆ ಅಂದರೆ ದುಡ್ಡು ಅಂತಲೇ ಮೂವತ್ತೈದು ವರ್ಷ ನೋಡಿದವರಿಗೆ 'ಸುಮ್ಮನೆ' ಅನ್ನೋದು ಉತ್ತರ ಅಲ್ಲ. ಆದರೆ ಗಿಡದ ಟಬ್ ಈಗ ನಾನು ಇಟ್ಟ ಮೂಲೆಯಲ್ಲಿಲ್ಲ, ಪೂರ್ವದ ಬಿಸಿಲು ಬೀಳುವ ಕಡೆಗೆ ಸರಿದಿದೆ. ನಾನು ಸರಿಸಿಲ್ಲ. ಮೀಟಿಂಗ್ ನಡುವೆ ಒಂದು ಸಲ ಆಚೆ ನೋಡಿದರೆ ಅಪ್ಪ ಮಂಡಿ ಹಿಡಿದುಕೊಂಡು ಬಗ್ಗಿ, ಬುಡದಲ್ಲಿ ಎದ್ದ ಬೇಡದ ಚಿಗುರನ್ನು ಉಗುರಲ್ಲಿ ಚಿವುಟುತ್ತಿದ್ದರು.

ನೀವು ಶುರು ಮಾಡೋದಾದರೆ ಈ ಭಾನುವಾರ ಒಂದು ಕೆಲಸ ಸಾಕು. ನರ್ಸರಿಗೆ ಹೋಗಿ ಐದು ಗಿಡದ ಬುಡ ಕೆದಕಿ ನೋಡಿ, ಒಂದನ್ನು ತನ್ನಿ. ಲಾಲ್‌ಬಾಗಿನ ಬೋನ್ಸಾಯ್ ತೋಟಕ್ಕೂ ಒಂದು ಸುತ್ತು ಹಾಕಿ, ಕಾಂಡ ಹೇಗೆ ನಿಂತಿವೆ ಅಂತ ಮಾತ್ರ ನೋಡಿ. ತಂದ ಗಿಡದ ಫೋಟೋ ಮುಂದಿನಿಂದ, ಮೇಲಿಂದ ಒಂದೊಂದು ತೆಗೆದಿಟ್ಟುಕೊಳ್ಳಿ, ಮುಂದಿನ ಮಾರ್ಚ್‌ಗೆ ಬೇಕಾಗುತ್ತೆ. ಮನೆಯಲ್ಲಿ ಕುಡುಗೋಲು ಹಿಡಿದು ಗೊತ್ತಿರೋ ಹಿರಿಯರು ಇದ್ದರೆ ಗಿಡವನ್ನು ಅವರ ಕಣ್ಣಿಗೆ ಬೀಳೋ ಜಾಗದಲ್ಲಿಡಿ. ಯೂಟ್ಯೂಬ್‌ನಲ್ಲಿ ಇಲ್ಲದ ಎಷ್ಟೋ ವಿಷಯ ಅವರ ಹತ್ತಿರ ಇರುತ್ತೆ, ಕೇಳೋವರೆಗೆ ಅವರು ಹೇಳಲ್ಲ ಅಷ್ಟೇ.